ಉಕ್ರೇನ್‌ಗೆ ಘೋಷಿಸಿದ ನೆರವು ಮದ್ದಿನ ಮನೆ ತಲುಪುವುದು ಯಾವಾಗ?

ರಷ್ಯಾದ ಆಕ್ರಮಣವನ್ನು ಎದುರಿಸುತ್ತಿರುವ ಉಕ್ರೇನ್‌ಗೆ ಹೊರದೇಶಗಳು ನೀಡುತ್ತಿರುವ ಸೇನಾ ನೆರವಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಆಯ್ದುಕೊಂಡಿದ್ದೇವೆ. ಸೇನೆಯ ಶಸ್ತ್ರಾಸ್ತ್ರ ಸರಬರಾಜು ವಿಭಾಗದಲ್ಲಿದ್ದು ನಿವೃತ್ತರಾದ ಅಧಿಕಾರಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಉಕ್ರೇನ್‌ಗೆ ಸಾವಿರಾರು ಕೋಟಿ ಡಾಲರ್ ನೆರವು ಎಂದು 2022ರಿಂದ ಓದುತ್ತಲೇ ಇದ್ದೇನೆ. ಆದರೂ ಅಲ್ಲಿನ ಸೈನಿಕರು ಶೆಲ್ ಇಲ್ಲ, ಕ್ಷಿಪಣಿ ಇಲ್ಲ ಎನ್ನುತ್ತಾರೆ. ಇಷ್ಟೊಂದು ಹಣ ಹೋಗುವುದೆಲ್ಲಿಗೆ? ನಡುವೆ ಯಾರಾದರೂ ನುಂಗುತ್ತಿದ್ದಾರೆಯೇ?
— ನಿವೃತ್ತ ಶಿಕ್ಷಕರು, ಸಾಗರ

ಹಣ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ, ಮೇಷ್ಟ್ರೇ. ಸೇನಾ ನೆರವಿನ ಬಹುಪಾಲು ಉಕ್ರೇನ್ ರಾಜಧಾನಿ ಕೀವ್‌ನ ಖಜಾನೆಯನ್ನು ಮುಟ್ಟುವುದೇ ಇಲ್ಲ. 2022ರ ಫೆಬ್ರುವರಿ 24ರಂದು ಆಕ್ರಮಣ ಶುರುವಾದಾಗಿನಿಂದ 2025ರ ಜನವರಿವರೆಗೆ ಅಮೆರಿಕ ಕೊಟ್ಟ ಸೇನಾ ನೆರವಿನ ಮೌಲ್ಯ ಸುಮಾರು 6,600 ಕೋಟಿ ಡಾಲರ್. ಅದು ಮುಖ್ಯವಾಗಿ ಎರಡು ದಾರಿಗಳಲ್ಲಿ ಹೋಯಿತು. ಒಂದು, ಅಧ್ಯಕ್ಷರ ಆದೇಶದ ಮೇಲೆ ಅಮೆರಿಕ ಸೇನೆಯ ಸ್ವಂತ ಉಗ್ರಾಣದಿಂದ ಎತ್ತಿ ಕಳಿಸುವುದು. ಇದಕ್ಕೆ 1961ರ ವಿದೇಶಿ ನೆರವು ಕಾಯ್ದೆಯಲ್ಲಿ ಅವಕಾಶವಿದೆ. ಲಾರಿಗೆ ತುಂಬಿ ವಿಮಾನಕ್ಕೇರಿಸಿದರೆ ಕೆಲವೇ ದಿನ ಅಥವಾ ವಾರಗಳಲ್ಲಿ ಪೋಲೆಂಡ್ ಗಡಿ ಸೇರುತ್ತದೆ. ಇನ್ನೊಂದು, ಉಕ್ರೇನ್ ಹೆಸರಿನಲ್ಲಿ ಕಾರ್ಖಾನೆಗಳಿಗೆ ಹೊಸದಾಗಿ ಬೇಡಿಕೆ ಸಲ್ಲಿಸುವುದು. ಈ ದಾರಿಯಲ್ಲಿ ಒಂದು ವಾಯುರಕ್ಷಣಾ ವ್ಯವಸ್ಥೆ ಕೈಸೇರಲು ಎರಡು ಮೂರು ವರ್ಷವೂ ಹಿಡಿಯಬಹುದು. ಎರಡರಲ್ಲೂ ಡಾಲರ್ ಖರ್ಚಾಗುವುದು ಹೆಚ್ಚಾಗಿ ಅಮೆರಿಕದೊಳಗೇ. ಉಗ್ರಾಣದಲ್ಲಿ ಖಾಲಿಯಾದ ಜಾಗ ತುಂಬಲು ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಮದ್ದುಗುಂಡು ಕಾರ್ಖಾನೆಯಂಥ ಕಡೆ ದುಡಿಯುವವರ ಕೂಲಿಗೆ ಅದು ಹೋಗುತ್ತದೆ.

ಘೋಷಣೆಯ ದಿನ ಪತ್ರಿಕೆಯಲ್ಲಿ ಬರುವ ದೊಡ್ಡ ಅಂಕಿಯಲ್ಲಿ ಈ ಎರಡು ದಾರಿಗಳೂ ಕಲಸಿಹೋಗಿರುತ್ತವೆ. ಇಂದು ಹೊರಟದ್ದು, ಎರಡು ವರ್ಷದ ಬಳಿಕ ಹೊರಡಲಿರುವುದು ಎಲ್ಲ ಸೇರಿ ಒಂದೇ ಮೊತ್ತ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದಿರುತ್ತಾರೆ.

ಶೆಲ್‌ಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸರಬರಾಜಿನ ನೋವು ಏನೆಂಬುದು ಅಲ್ಲಿಯೇ ತಿಳಿಯುತ್ತದೆ. ನ್ಯಾಟೊ ದೇಶಗಳ ಫಿರಂಗಿಗಳ ಅಳತೆ 155 ಮಿ.ಮೀ. ಕಾರ್ಗಿಲ್‌ನಲ್ಲಿ ಗುಡುಗಿದ ನಮ್ಮ ಬೋಫೋರ್ಸ್ ಕೂಡ ಇದೇ ಅಳತೆಯದು. ಉಕ್ರೇನ್ ಬಳಿ ಇದ್ದದ್ದು ಸೋವಿಯತ್ ಕಾಲದ 152 ಮತ್ತು 122 ಮಿ.ಮೀ. ತೋಪುಗಳು. ಅವುಗಳ ಗುಂಡು ಬರಿದಾಗುತ್ತ ಬಂದಂತೆ ಸೈನ್ಯ ಯುದ್ಧದ ನಡುವೆಯೇ ಒಂದು ಅಳತೆಯಿಂದ ಇನ್ನೊಂದು ಅಳತೆಗೆ ಹೊರಳಬೇಕಾಯಿತು. ಒಂದು 155 ಮಿ.ಮೀ. ಶೆಲ್ ತೂಗುವುದು ಸುಮಾರು 45 ಕಿಲೊ, ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲ. ಯುದ್ಧಕ್ಕೆ ಮೊದಲು ಅಮೆರಿಕ ತಿಂಗಳಿಗೆ ಮಾಡುತ್ತಿದ್ದದ್ದು ಸುಮಾರು 14,000 ಶೆಲ್. ಹೋರಾಟ ಬಿರುಸಾಗಿದ್ದ ದಿನಗಳಲ್ಲಿ ಉಕ್ರೇನ್ ದಿನವೊಂದಕ್ಕೆ ಹಲವು ಸಾವಿರ ಹಾರಿಸುತ್ತಿತ್ತು. ರಷ್ಯಾ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒಂದು ತಿಂಗಳ ಉತ್ಪಾದನೆ ಒಂದು ವಾರಕ್ಕೂ ಸಾಲುತ್ತಿರಲಿಲ್ಲ. ಐರೋಪ್ಯ ಒಕ್ಕೂಟ 2024ರ ಮಾರ್ಚ್ ಒಳಗೆ 10 ಲಕ್ಷ ಶೆಲ್ ಕೊಡುವುದಾಗಿ ಮಾತು ಕೊಟ್ಟಿತು. ಗಡುವು ಬಂದಾಗ ತಲುಪಿದ್ದು ಅದರ ಅರ್ಧದಷ್ಟು.

ಕೊಡುವ ಮನಸ್ಸಿರಲಿಲ್ಲ ಎನ್ನಲಾರೆ. ಶೀತಲ ಸಮರ ಮುಗಿದ ಮೇಲೆ ಯುರೋಪಿನಲ್ಲಿ ಶೆಲ್ ಮಾಡುವ ಸಾಲುಗಳನ್ನು ಒಂದೊಂದಾಗಿ ಮುಚ್ಚಿದ್ದರು. ಅಮೆರಿಕ ತನ್ನ ನೆಲದಲ್ಲಿ ಟಿಎನ್‌ಟಿ ಸ್ಫೋಟಕ ತಯಾರಿಸುವುದನ್ನು 1980ರ ದಶಕದಲ್ಲೇ ನಿಲ್ಲಿಸಿತ್ತು. ಉಕ್ಕಿನ ಕವಚ ಸಿಕ್ಕರೆ ಒಳಗೆ ತುಂಬುವ ಮದ್ದು ಇಲ್ಲ, ಮದ್ದು ಸಿಕ್ಕರೆ ಅದನ್ನು ಹಾರಿಸುವ ಸಿಡಿಪುಡಿ ಇಲ್ಲ. ಕಡೆಗೆ ಚೆಕ್ ಸರ್ಕಾರ ಮುಂದೆ ಬಂದು, ಯುರೋಪಿನ ಹೊರಗೆ ಯಾರ ಬಳಿ ಶೆಲ್ ಉಳಿದಿದೆ ಎಂದು ಹುಡುಕಿ ಮಿತ್ರರಾಷ್ಟ್ರಗಳ ಹಣದಲ್ಲಿ ಕೊಂಡು ಕಳಿಸಿತು. ಈ ಯುದ್ಧದಲ್ಲಿ ನನಗೆ ಬಹಳ ಗೌರವ ಹುಟ್ಟಿಸಿದ ಕೆಲಸಗಳಲ್ಲಿ ಅದೊಂದು. ಭಾಷಣ ಕಡಿಮೆ, ಸಾಮಾನು ಹೆಚ್ಚು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಲೆಪರ್ಡ್ ಟ್ಯಾಂಕುಗಳನ್ನು ಕೊಡಬೇಕೋ ಬೇಡವೋ ಎಂದು ಜರ್ಮನಿ ತಿಂಗಳುಗಟ್ಟಲೆ ಯೋಚಿಸಿ 2023ರ ಜನವರಿ 25ರಂದು ಒಪ್ಪಿತು. ಆ ಚಳಿಗಾಲದಲ್ಲಿ ರಷ್ಯಾ ಸುಮ್ಮನಿರಲಿಲ್ಲ. ದಕ್ಷಿಣದ ಝಪೊರಿಝಿಯಾ ಬಯಲಿನಲ್ಲಿ ಕಂದಕ ತೋಡಿ, ಕಾಂಕ್ರೀಟ್ ಕಂಬ ನೆಟ್ಟು, ಕಿಲೊಮೀಟರುಗಟ್ಟಲೆ ನೆಲಬಾಂಬ್ ಹುಗಿಯಿತು. ಜೂನ್‌ನಲ್ಲಿ ಉಕ್ರೇನ್ ಪ್ರತಿದಾಳಿ ಆರಂಭಿಸಿದಾಗ ಅದೇ ಟ್ಯಾಂಕುಗಳು ಆ ಬಾಂಬುಗಳ ಮೇಲೆ ಹೋದವು. ಬಿತ್ತನೆಯ ಹದ ಕಳೆದ ಮೇಲೆ ಬಂದ ಬೀಜದ ಕಥೆ. ಎರಡನೆಯದು ಪೂರ್ವ ಉಕ್ರೇನ್‌ನ ಅವ್‌ದಿವ್ಕಾ ಪಟ್ಟಣ. ಅಮೆರಿಕದ ಸಂಸತ್ತಿನಲ್ಲಿ ನೆರವಿನ ಮಸೂದೆ ತಿಂಗಳುಗಟ್ಟಲೆ ಸಿಕ್ಕಿಕೊಂಡಿತ್ತು. ಗುಂಡುಗಳನ್ನು ಎಣಿಸಿ ಎಣಿಸಿ ಹಾರಿಸುತ್ತಿದ್ದ ಸೈನ್ಯ 2024ರ ಫೆಬ್ರುವರಿಯಲ್ಲಿ ಆ ಊರನ್ನು ಬಿಟ್ಟು ಹಿಂದೆ ಸರಿಯಿತು. ಸುಮಾರು 6,100 ಕೋಟಿ ಡಾಲರ್‌ಗಳ ಮಸೂದೆಗೆ ಅಂಕಿತ ಬಿದ್ದದ್ದು ಏಪ್ರಿಲ್ 24ರಂದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇನ್ನು ನುಂಗುವವರ ಮಾತು. ಉಕ್ರೇನ್‌ನಲ್ಲಿ ಭ್ರಷ್ಟಾಚಾರವಿದೆ, ಅದನ್ನು ಮುಚ್ಚಿಡಲು ಕಾರಣವಿಲ್ಲ. 2023ರ ಜನವರಿಯಲ್ಲಿ ಅಲ್ಲಿನ ರಕ್ಷಣಾ ಸಚಿವಾಲಯ ಸೈನಿಕರ ಊಟಕ್ಕೆ ಮೊಟ್ಟೆಯನ್ನು ಅಂಗಡಿ ಬೆಲೆಯ ಎರಡರಷ್ಟಕ್ಕೂ ಹೆಚ್ಚು ದರದಲ್ಲಿ ಕೊಂಡ ಸಂಗತಿಯನ್ನು ಅಲ್ಲಿನ ಪತ್ರಕರ್ತರೇ ಹೊರಗೆಳೆದರು. ಅದೇ ವರ್ಷ ಸಚಿವರು ಹುದ್ದೆ ಬಿಟ್ಟರು. ಅದು ಉಕ್ರೇನ್‌ನ ಸ್ವಂತ ಬೊಕ್ಕಸದ ಹಣ. ಹೊರಗಿಂದ ಬಂದ ಆಯುಧಗಳ ಬಗ್ಗೆ ಅಮೆರಿಕದ ರಕ್ಷಣಾ ಇಲಾಖೆಯ ತನಿಖಾಧಿಕಾರಿ 2024ರ ಜನವರಿಯಲ್ಲಿ ಕೊಟ್ಟ ವರದಿ ಬೇರೊಂದು ದೋಷ ಎತ್ತಿ ತೋರಿಸಿತು. ವಿಶೇಷ ನಿಗಾ ಬೇಕಿದ್ದ ಆಯುಧಗಳಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದವುಗಳ ಎಣಿಕೆ ಪುಸ್ತಕ ಸಕಾಲಕ್ಕೆ ತುಂಬಿರಲಿಲ್ಲ. ರಣರಂಗದಲ್ಲಿ ಕ್ರಮಸಂಖ್ಯೆ ಓದಿ ಬರೆದುಕೊಳ್ಳುವುದು ಎಷ್ಟು ಕಷ್ಟವೆಂದು ಈ ಕೆಲಸ ಮಾಡಿದ ನನಗೆ ಗೊತ್ತು. ಆದರೂ ಲೆಕ್ಕ ಬಿಡುವಂತಿಲ್ಲ. ಕೊಡುವ ದೇಶದ ತೆರಿಗೆದಾರನ ನಂಬಿಕೆ ಹೋದರೆ ಮುಂದಿನ ಶೆಲ್ ಬರುವುದಿಲ್ಲ.

ಪ್ರಶ್ನೆ: ಯುದ್ಧ ಮಾಡುತ್ತಿರುವ ದೇಶಕ್ಕೆ ಆಯುಧ ಕೊಟ್ಟರೆ ಕೊಟ್ಟ ದೇಶವೂ ಯುದ್ಧಕ್ಕಿಳಿದಂತೆ ಅಲ್ಲವೇ? ಅಂತರರಾಷ್ಟ್ರೀಯ ಕಾನೂನು ಏನು ಹೇಳುತ್ತದೆ?
— ಕಾನೂನು ವಿದ್ಯಾರ್ಥಿನಿ, ಕಲಬುರಗಿ

ಬರೀ ಆಯುಧ ಕೊಟ್ಟ ಮಾತ್ರಕ್ಕೆ ಹಾಗಾಗುವುದಿಲ್ಲ ಎಂಬುದು ಹೆಚ್ಚಿನ ಕಾನೂನು ತಜ್ಞರ ನಿಲುವು. ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 4ನೇ ಉಪವಿಧಿ ಇನ್ನೊಂದು ದೇಶದ ಮೇಲೆ ಬಲಪ್ರಯೋಗವನ್ನು ನಿಷೇಧಿಸುತ್ತದೆ. 51ನೇ ವಿಧಿ, ದಾಳಿಗೊಳಗಾದ ದೇಶ ಒಂಟಿಯಾಗಿ ಅಥವಾ ಇತರರೊಡನೆ ಸೇರಿ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕನ್ನು ಉಳಿಸುತ್ತದೆ. ದಾಳಿಗೊಳಗಾದವನಿಗೆ ಗುರಾಣಿ ಕೊಡುವುದು ಈ ಚೌಕಟ್ಟಿನೊಳಗೇ ಬರುತ್ತದೆ. ಗುರಿಯ ಬಗ್ಗೆ ಗುಪ್ತಚರ ಮಾಹಿತಿ ಕೊಟ್ಟರೆ ಏನು ಎಂಬಲ್ಲಿ ವಾದವಿದೆ. ಕೊಡುವ ದೇಶದ ಸೈನಿಕರೇ ಗುಂಡಿ ಒತ್ತಿದರೆ ಆಗ ಅನುಮಾನ ಉಳಿಯುವುದಿಲ್ಲ.

ನೀವು ಇನ್ನೊಂದು ಕಡತವನ್ನೂ ಓದಬೇಕು: 1994ರ ಡಿಸೆಂಬರ್ 5ರ ಬುಡಾಪೆಸ್ಟ್ ಒಪ್ಪಂದ ಪತ್ರ. ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಉಕ್ರೇನ್ ಬಿಟ್ಟುಕೊಟ್ಟಿತು. ಅದರ ಗಡಿಯನ್ನು ಗೌರವಿಸುತ್ತೇವೆಂದು ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿದವು. ಗಡಿಯನ್ನು ಗೌರವಿಸುವ ಭರವಸೆ ಅದರಲ್ಲಿದೆ, ಯಾರಾದರೂ ದಾಟಿದರೆ ಸೈನ್ಯ ಕಳಿಸುತ್ತೇವೆ ಎಂಬ ಖಾತರಿ ಇಲ್ಲ. ಸಹಿ ಹಾಕಿದ ರಷ್ಯಾವೇ 2014ರಲ್ಲಿ ಉಕ್ರೇನ್‌ನ ಕ್ರೈಮಿಯಾವನ್ನು ಕಿತ್ತುಕೊಂಡಿತು. ನೆರವು ಪಡೆಯುವ ಹಕ್ಕು ಉಕ್ರೇನ್‌ಗಿದೆ, ಕೊಡಲೇಬೇಕೆಂಬ ಕಟ್ಟುಪಾಡು ಯಾರ ಮೇಲೂ ಇಲ್ಲ. ಪ್ರತಿ ಗುಂಡಿಗೂ ಅದು ಕೇಳಿಕೊಂಡೇ ನಿಲ್ಲಬೇಕಾಗಿರುವುದು ಇದರಿಂದಲೇ.

ಪ್ರಶ್ನೆ: ನಮ್ಮ ತಂದೆ 1962ರಲ್ಲಿ ಈಶಾನ್ಯ ಗಡಿಯಲ್ಲಿದ್ದರು. ಚೀನಾ ಯುದ್ಧದ ಕೊನೆಯಲ್ಲಿ ಅಮೆರಿಕದಿಂದ ಬಂದೂಕು ಬಂದವು ಎನ್ನುತ್ತಿದ್ದರು. ನಿಜವೇ? ಹಾಗೆ ಬಂದ ನೆರವಿಗೆ ಷರತ್ತು ಇತ್ತೇ?
— ಮಾಜಿ ಸೈನಿಕರ ಮಗ, ಮಡಿಕೇರಿ

ನಿಮ್ಮ ತಂದೆಯವರು ಹೇಳಿದ್ದು ನಿಜ. ಅಕ್ಟೋಬರ್ 20ರಂದು ಚೀನಾದ ದೊಡ್ಡ ದಾಳಿ ಶುರುವಾಯಿತು. ನವೆಂಬರ್ ಮೊದಲ ವಾರದಿಂದ ಅಮೆರಿಕ ಮತ್ತು ಬ್ರಿಟನ್‌ನ ವಿಮಾನಗಳು ಶಸ್ತ್ರಾಸ್ತ್ರ ಹೊತ್ತು ಕಲ್ಕತ್ತೆಗೆ ಬಂದಿಳಿದವು. ನವೆಂಬರ್ 19ರಂದು ನೆಹರೂ ಅವರು ಅಧ್ಯಕ್ಷ ಕೆನಡಿಗೆ ಪತ್ರ ಬರೆದು ಯುದ್ಧವಿಮಾನಗಳ 12 ದಳಗಳನ್ನೇ ಕೇಳಿದರು. ಅಲಿಪ್ತ ನೀತಿಯನ್ನು ಕಟ್ಟಿ ನಿಲ್ಲಿಸಿದ ವ್ಯಕ್ತಿ ಆ ರಾತ್ರಿ ಆ ಪತ್ರ ಬರೆಯಬೇಕಾಗಿ ಬಂದದ್ದನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. ಎರಡೇ ದಿನಕ್ಕೆ ಚೀನಾ ತಾನಾಗಿ ಕದನವಿರಾಮ ಸಾರಿತು.

ಷರತ್ತು ಕಾಗದದ ಮೇಲಿರಲಿಲ್ಲ, ಬಾಗಿಲಲ್ಲಿ ನಿಂತಿತ್ತು. ಅದೇ ತಿಂಗಳು ಅಮೆರಿಕದ ಹ್ಯಾರಿಮನ್ ಮತ್ತು ಬ್ರಿಟನ್‌ನ ಡಂಕನ್ ಸ್ಯಾಂಡಿಸ್ ದೆಹಲಿಗೆ ಬಂದರು. ಕಾಶ್ಮೀರದ ಬಗ್ಗೆ ಪಾಕಿಸ್ತಾನದೊಡನೆ ಮಾತಾಡಿ ಎಂಬ ಒತ್ತಡ ಬಂತು. ನಮ್ಮ ಸಚಿವ ಸ್ವರಣ್ ಸಿಂಗ್ ಮತ್ತು ಪಾಕಿಸ್ತಾನದ ಭುಟ್ಟೊ ನಡುವೆ 1963ರ ಮೇವರೆಗೆ ಆರು ಸುತ್ತಿನ ಮಾತುಕತೆ ನಡೆದು ಮುರಿದುಬಿತ್ತು. 1965ರ ಯುದ್ಧ ಬಂದಾಗ ಅಮೆರಿಕ ಎರಡೂ ದೇಶಗಳಿಗೆ ಆಯುಧ ನಿಲ್ಲಿಸಿತು. ನಾವು ಸೋವಿಯತ್ ಆಯುಧಗಳ ಕಡೆ ವಾಲಿದ್ದಕ್ಕೆ, ವಿಶ್ವಸಂಸ್ಥೆಯ ಮತದಾನಗಳಲ್ಲಿ ಭಾರತ ಇಂದಿಗೂ ತೂಗಿ ನೋಡುವುದಕ್ಕೆ ಈ ಅನುಭವವೂ ಒಂದು ಕಾರಣ.

ಉಕ್ರೇನ್‌ಗೂ ಇದೇ ಆಯಿತು, ಇನ್ನಷ್ಟು ಬಹಿರಂಗವಾಗಿ. 2025ರ ಫೆಬ್ರುವರಿ 28ರಂದು ಶ್ವೇತಭವನದಲ್ಲಿ ಕ್ಯಾಮೆರಾಗಳ ಎದುರೇ ಟ್ರಂಪ್ ಮತ್ತು ಝೆಲೆನ್‌ಸ್ಕಿ ನಡುವೆ ಜಗಳವಾಯಿತು. ಕೆಲವೇ ದಿನಗಳಲ್ಲಿ ಆಯುಧ ಸಾಗಣೆ ನಿಂತಿತು, ಗುಪ್ತಚರ ಮಾಹಿತಿಯೂ ನಿಂತಿತು. ಮಾರ್ಚ್ 11ರಂದು ಜೆಡ್ಡಾದಲ್ಲಿ ಉಕ್ರೇನ್ 30 ದಿನಗಳ ಕದನವಿರಾಮಕ್ಕೆ ಒಪ್ಪಿದ ಮೇಲೆ ಮತ್ತೆ ಶುರುವಾಯಿತು. ಏಪ್ರಿಲ್ ಕೊನೆಗೆ ಖನಿಜಗಳ ಒಪ್ಪಂದಕ್ಕೆ ಸಹಿ ಬಿತ್ತು. ಜುಲೈನಿಂದ ಹೊಸ ಪದ್ಧತಿ: ಅಮೆರಿಕ ಮಾರುತ್ತದೆ, ಯುರೋಪ್ ಹಣ ಕಟ್ಟುತ್ತದೆ, ಉಕ್ರೇನ್ ಪಡೆಯುತ್ತದೆ. ಸಂಕಟದಲ್ಲಿರುವವನ ಕೈಯನ್ನು ಹೀಗೆ ತಿರುಚುವುದು ತಪ್ಪು ಎಂದು ನಾನು ಎಣಿಸುತ್ತೇನೆ. ಆ ದಿನಗಳಲ್ಲಿ ಮುಂಚೂಣಿಯಲ್ಲಿದ್ದ ಸೈನಿಕ ಯಾವ ಮಾತುಕತೆಯ ಮೇಜಿನಲ್ಲೂ ಕೂತಿರಲಿಲ್ಲ.

ಪ್ರಶ್ನೆ: ಯುದ್ಧ ಶುರುವಾದ ವಾರದಲ್ಲೇ ನಮ್ಮ ರಾಜ್ಯದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಎಲ್ಲರೂ ಆಯುಧ ಕೊಡುವುದನ್ನು ನಿಲ್ಲಿಸಿದರೆ ಯುದ್ಧ ತಾನಾಗಿ ನಿಲ್ಲುವುದಿಲ್ಲವೇ?
— ಗೃಹಿಣಿ, ಹುಬ್ಬಳ್ಳಿ

ಅಮ್ಮ, ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರನ್ನು ಕಂಡರೆ ನನಗೂ ಆಗುವುದಿಲ್ಲ. ಪ್ರತಿ ಶೆಲ್ ಬೀಳುವ ಕಡೆ ಯಾರದೋ ಮನೆಯ ಮಗ ಇರುತ್ತಾನೆ, ರಷ್ಯಾದ ಕಡೆಯೂ.

ಆದರೆ ನೀವು ಹೇಳುವ ಆ ವಾರವನ್ನೇ ನೋಡಿ. 2022ರ ಮಾರ್ಚ್ 1ರ ಹೊತ್ತಿಗೆ ಉಕ್ರೇನ್ ಕೈಯಲ್ಲಿದ್ದದ್ದು ಬಹುತೇಕ ಹಳೆಯ ಸೋವಿಯತ್ ಆಯುಧ, ಜೊತೆಗೆ ಭುಜದ ಮೇಲಿಟ್ಟು ಟ್ಯಾಂಕ್ ಹೊಡೆಯುವ ಒಂದಷ್ಟು ಪಾಶ್ಚಾತ್ಯ ಕ್ಷಿಪಣಿಗಳು. ದೊಡ್ಡ ನೆರವು ಬರುವ ಮೊದಲೇ ಅವರು ಕೀವ್ ಉಳಿಸಿಕೊಳ್ಳಲು ನಿಂತಿದ್ದರು. ಮಾರ್ಚ್ ಕೊನೆಗೆ ರಷ್ಯಾ ಅಲ್ಲಿಂದ ಹಿಂದೆ ಸರಿದಾಗ ಬುಚಾ ಪಟ್ಟಣದ ಬೀದಿಗಳಲ್ಲಿ ಜನಸಾಮಾನ್ಯರ ಹೆಣಗಳು ಕಂಡವು. ಹೋರಾಡದಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಊಹೆಯ ಮಾತಾಗಿ ಉಳಿಯಲಿಲ್ಲ.

ಸಕಾಲಕ್ಕೆ ಬಂದ ನೆರವು ರಕ್ತಪಾತವನ್ನು ಕಡಿಮೆ ಮಾಡಿದ್ದೂ ಇದೆ. ಆ ವರ್ಷದ ಜೂನ್‌ನಲ್ಲಿ ಹಿಮಾರ್ಸ್ ಎಂಬ ದೂರಗಾಮಿ ರಾಕೆಟ್ ವ್ಯವಸ್ಥೆ ಬಂತು. ಉಕ್ರೇನ್ ಅದರಿಂದ ರಷ್ಯಾದ ಮದ್ದಿನ ಉಗ್ರಾಣಗಳನ್ನೂ ರಷ್ಯಾ ಹಿಡಿದಿದ್ದ ಖೆರ್ಸಾನ್ ನಗರದ ಬಳಿ ದ್ನಿಪ್ರೊ ನದಿಯ ಮೇಲಿದ್ದ ಆಂಟೊನಿವ್ಕಾ ಸೇತುವೆಯನ್ನೂ ಹೊಡೆಯುತ್ತ ಹೋಯಿತು. ನದಿಯಾಚೆಯಿಂದ ಸರಬರಾಜು ಕಡಿದುಹೋಗಿ ನವೆಂಬರ್‌ನಲ್ಲಿ ರಷ್ಯಾ ಸೈನ್ಯ ಖೆರ್ಸಾನ್ ಬಿಟ್ಟು ಹೊರಟಿತು. ಬೀದಿ ಬೀದಿಯ ಕಾಳಗವಿಲ್ಲದೆ ಒಂದು ನಗರ ಬಿಡುಗಡೆಯಾಯಿತು. ಯುದ್ಧವನ್ನು ಎಳೆದದ್ದು ನೆರವಲ್ಲ, ಅರೆಮನಸ್ಸಿನ ನೆರವು: ಸೋಲದಷ್ಟು ಕೊಟ್ಟು, ಗೆಲ್ಲುವಷ್ಟು ಕೊಡದೆ, ಕೊಟ್ಟದ್ದನ್ನು ಎಲ್ಲಿಯವರೆಗೆ ಹಾರಿಸಬಹುದು ಎಂದು ಗೆರೆ ಎಳೆಯುತ್ತ ಕಳೆದ ತಿಂಗಳುಗಳು. ಈ ನಡುವೆ ರಷ್ಯಾಕ್ಕೆ ಇರಾನ್‌ನಿಂದ ಶಾಹೆದ್ ಡ್ರೋನ್ ಬಂದವು, ಉತ್ತರ ಕೊರಿಯಾದಿಂದ ಶೆಲ್‌ಗಳೂ 2024ರ ಕೊನೆಗೆ ಸೈನಿಕರೂ ಬಂದರು. ಒಂದು ಕಡೆಯ ನಲ್ಲಿ ಮಾತ್ರ ಕಟ್ಟಿದರೆ ಇನ್ನೊಂದು ಕಡೆ ಹರಿಯುವುದು ನಿಲ್ಲುವುದಿಲ್ಲ.

ಆಯುಧ ಎಂದರೆ ಕೊಲ್ಲುವುದು ಮಾತ್ರವೂ ಅಲ್ಲ. ಈ ನೆರವಿನಲ್ಲಿ ಉಕ್ರೇನ್ ಬಾಯಿಬಿಟ್ಟು ಬೇಡುತ್ತಿರುವುದು ಹೆಚ್ಚಾಗಿ ಪೇಟ್ರಿಯಟ್ ವ್ಯವಸ್ಥೆಯ ಕ್ಷಿಪಣಿಗಳನ್ನು. ನಗರದ ಮೇಲೆ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಒಡೆಯುವ ಇಂಥ ಹೊಸ ಮಾದರಿಯ ಕ್ಷಿಪಣಿಗೆ ಒಂದಕ್ಕೆ ಸುಮಾರು 40 ಲಕ್ಷ ಡಾಲರ್. 2024ರಲ್ಲಿ ಕಾರ್ಖಾನೆಯಿಂದ ಹೊರಬಂದದ್ದು 500ರ ಆಸುಪಾಸು, ಅದಕ್ಕೆ ಕಾದು ನಿಂತ ದೇಶಗಳು ಹಲವು. ಯಾವ ರಾತ್ರಿ ಎಷ್ಟು ಹಾರಿಸಬೇಕು, ಯಾವ ಬಡಾವಣೆಯನ್ನು ಕಾಯಬೇಕು ಎಂದು ಅಲ್ಲಿನ ಅಧಿಕಾರಿಗಳು ಆರಿಸಬೇಕಾಗುತ್ತದೆ. ಉಗ್ರಾಣದ ಲೆಕ್ಕ ಬರೆದ ನನಗೆ ಆ ಕುರ್ಚಿಯನ್ನು ನೆನೆದರೇ ನಡುಕ ಬರುತ್ತದೆ.

ಆ ವಿದ್ಯಾರ್ಥಿ ತೀರಿಕೊಂಡ ಖಾರ್ಕಿವ್ ರಷ್ಯಾದ ಗಡಿಯಿಂದ ಸುಮಾರು 30 ಕಿ.ಮೀ. ದೂರವಷ್ಟೇ. ಅಲ್ಲಿ ಎಚ್ಚರಿಕೆಯ ಸೈರನ್ ಮೊಳಗುವುದಕ್ಕೂ ಸ್ಫೋಟಕ್ಕೂ ನಡುವೆ ಹೆಚ್ಚು ಸಮಯ ಸಿಗುವುದಿಲ್ಲ. ಹಾಗಾಗಿ 2023ರ ಸೆಪ್ಟೆಂಬರ್‌ನಿಂದ ಆ ಊರಿನ ಮಕ್ಕಳಿಗೆ ಮೆಟ್ರೊ ನಿಲ್ದಾಣಗಳೊಳಗೆ ತರಗತಿ ನಡೆಸಿದರು. ಮರುವರ್ಷ ನೆಲದಡಿಯಲ್ಲೇ ಹೊಸ ಶಾಲೆ ಕಟ್ಟಿದರು. ಆ ಮಕ್ಕಳು ಬಿಸಿಲಿರುವ ತರಗತಿಗೆ ಯಾವಾಗ ಹತ್ತಿ ಬಂದಾರು ಎಂಬುದು ಮೇಲಿನ ಆಕಾಶವನ್ನು ಕಾಯಲು ಎಷ್ಟು ಕ್ಷಿಪಣಿ ಬರುತ್ತವೆ, ಯಾವ ತಿಂಗಳು ಬರುತ್ತವೆ ಎಂಬುದನ್ನೂ ನೆಚ್ಚಿಕೊಂಡಿದೆ.