ಓದುಗರ ಪ್ರಶ್ನೆ: ಎಂಬಿಬಿಎಸ್‌ನಲ್ಲಿ ಯಾವ ವಿಭಾಗ ಯಾರ ಕೈಯಲ್ಲಿ?

ಪ್ರಶ್ನೆ: ಮಗಳಿಗೆ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಂತೆ. ಹಾಗಾದರೆ ಅನಾಟಮಿ (ಅಂಗರಚನೆ) ವಿಭಾಗ ಯಾರದು?
(ಹಾಸನದ ಓದುಗರು)

ಉತ್ತರ: ಕಾಲೇಜಿನದು. ಬೆಂಗಳೂರಿನ ಜಯನಗರದಲ್ಲಿರುವ ಈ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದದ್ದು. ಅದಕ್ಕೂ ಮೊದಲು ಆಯಾ ಪ್ರದೇಶದ ಮೈಸೂರು, ಬೆಂಗಳೂರು, ಕರ್ನಾಟಕ ಮೊದಲಾದ ವಿಶ್ವವಿದ್ಯಾಲಯಗಳೇ ಮೆಡಿಕಲ್ ಕಾಲೇಜುಗಳನ್ನೂ ನೋಡಿಕೊಳ್ಳುತ್ತಿದ್ದವು. ರಾಜೀವ್ ಗಾಂಧಿ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್, ಡೆಂಟಲ್, ಆಯುರ್ವೇದ, ನರ್ಸಿಂಗ್, ಫಾರ್ಮಸಿ ಹೀಗೆ ನಿಕಾಯಗಳಿವೆ (ಫ್ಯಾಕಲ್ಟಿಗಳು), ಪಠ್ಯಕ್ರಮ ನೋಡುವ ಅಧ್ಯಯನ ಮಂಡಳಿಗಳಿವೆ. ಎಂಬಿಬಿಎಸ್ ಪಠ್ಯದ ಚೌಕಟ್ಟು ಮಾತ್ರ ದಿಲ್ಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಪದವಿ ವಿಶ್ವವಿದ್ಯಾಲಯದ ಹೊಣೆ. ಮಣಿಪಾಲದ ಕೆಎಂಸಿಯಂಥ (ಕಸ್ತೂರಬಾ ಮೆಡಿಕಲ್ ಕಾಲೇಜು) ಡೀಮ್ಡ್, ಅಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಯ ವ್ಯವಸ್ಥೆಯಲ್ಲಿ ಪಾಠ, ಪರೀಕ್ಷೆ, ಪದವಿ ಮೂರೂ ಒಂದೇ ಸೂರಿನಡಿ ನಡೆಯುತ್ತವೆ.

ಹಾಗೆಂದು ಕಾಲೇಜಿನ ವಿಭಾಗವನ್ನು ಹಗುರವಾಗಿ ಕಾಣಬೇಡಿ. ಹಾಜರಾತಿಯ ಲೆಕ್ಕ ಅಲ್ಲೇ ಇರುವುದು, ಅದೂ ವಿಷಯವಾರು: ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80. ಇಂಟರ್ನಲ್‌ನಲ್ಲಿ (ಕಾಲೇಜೇ ನಡೆಸುವ ಆಂತರಿಕ ಮೌಲ್ಯಮಾಪನ) ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆಬೇರೆಯಾಗಿ ಕನಿಷ್ಠ ಶೇ 40, ಒಟ್ಟುಗೂಡಿಸಿ ಶೇ 50 ಬರಬೇಕು. ಈ ಅಂಕ ಅಂತಿಮ ಫಲಿತಾಂಶಕ್ಕೆ ಕೂಡುವುದಿಲ್ಲ, ಪರೀಕ್ಷೆಗೆ ಕೂರುವ ಅರ್ಹತೆ ಅಷ್ಟೇ. ಮಕ್ಕಳು ಎಡವುವುದು ಇಲ್ಲೇ. ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ಗೆ ಹೆದರಿ ಅನಾಟಮಿಯನ್ನೇ ಉರು ಹೊಡೆಯುತ್ತಾರೆ, ‘ಸಣ್ಣ ವಿಷಯ’ ಎಂದು ಬಯೋಕೆಮಿಸ್ಟ್ರಿ ತರಗತಿ ತಪ್ಪಿಸುತ್ತಾರೆ, ಕೊನೆಗೆ ಅದೇ ವಿಷಯದಲ್ಲಿ ಹಾಜರಾತಿ ಕೊರತೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರೂ ಪಾಸಾಗದೆ ಎರಡನೇ ಹಂತಕ್ಕೆ ಹೋಗುವಂತಿಲ್ಲ. ಅದಕ್ಕೆ ಸಿಗುವುದು ನಾಲ್ಕೇ ಅವಕಾಶ. ತಿಂಗಳಿಗೊಮ್ಮೆ ಮೂರೂ ವಿಭಾಗಗಳ ನೋಟಿಸ್ ಬೋರ್ಡ್ ನೋಡಲು ಮಗಳಿಗೆ ಹೇಳಿ.

ಪ್ರಶ್ನೆ: ಕಾಲೇಜಿನಲ್ಲಿ ಮೂಳೆ, ಚರ್ಮ, ಮನೋರೋಗ ವಿಭಾಗಗಳಿವೆ. ಪರೀಕ್ಷೆಯಲ್ಲಿ ಆ ಹೆಸರುಗಳೇ ಇಲ್ಲವಲ್ಲ?
(ಶಿವಮೊಗ್ಗದ ವಿದ್ಯಾರ್ಥಿ)

ಉತ್ತರ: ಆಸ್ಪತ್ರೆಯ ವಿಭಾಗವೇ ಬೇರೆ, ಪರೀಕ್ಷೆಯ ಪೇಪರೇ ಬೇರೆ. ಕೊನೆಯ ಹಂತದ ದೊಡ್ಡ ವಿಷಯಗಳು ಜನರಲ್ ಮೆಡಿಸಿನ್, ಸರ್ಜರಿ, ಸ್ತ್ರೀರೋಗ-ಪ್ರಸೂತಿ, ಮಕ್ಕಳ ವಿಭಾಗ. ಚರ್ಮರೋಗ, ಮನೋರೋಗದ ಪ್ರಶ್ನೆಗಳು ಮೆಡಿಸಿನ್ ಪೇಪರಿನೊಳಗೆ ಬರುತ್ತವೆ. ಆರ್ಥೋ, ಅಂದರೆ ಮೂಳೆ ವಿಭಾಗದ ಪ್ರಶ್ನೆಗಳು ಸರ್ಜರಿಯೊಳಗೆ. ಪೇಪರ್ ಇಲ್ಲವೆಂದು ಆ ಪೋಸ್ಟಿಂಗ್‌ಗೆ (ಆ ವಿಭಾಗದ ವಾರ್ಡಿನಲ್ಲಿ ಕಲಿಯುವ ಅವಧಿ) ಚಕ್ಕರ್ ಹೊಡೆದರೆ ಹಾಜರಾತಿಯೂ ಹೋಯಿತು, ಪ್ರಶ್ನೆಯೂ ಹೋಯಿತು. ಇನ್ನೊಂದು ಮಾತು: ಮೆಡಿಸಿನ್, ಸರ್ಜರಿಯಂಥ ದೊಡ್ಡ ವಿಭಾಗಗಳು ಯೂನಿಟ್‌ಗಳಾಗಿ ಒಡೆದಿರುತ್ತವೆ. ಒಂದೊಂದು ಯೂನಿಟ್‌ಗೆ ವಾರದಲ್ಲಿ ಗೊತ್ತಾದ ಒಪಿಡಿ (ಹೊರರೋಗಿ) ದಿನ, ಅಡ್ಮಿಷನ್ ದಿನ. ಹೊಸ ಕೇಸು ನೋಡಬೇಕೆಂದರೆ ನಿಮ್ಮ ಯೂನಿಟ್‌ನ ಅಡ್ಮಿಷನ್ ದಿನ ವಾರ್ಡ್ ಬಿಡಬೇಡಿ.

ಪ್ರಶ್ನೆ: ಇಂಟರ್ನ್‌ಶಿಪ್‌ಗೆ ಮೊದಲು, ನಂತರ ಯಾವ ಕಾಗದ ಎಲ್ಲಿ?
(ಕಲಬುರಗಿಯ ಓದುಗರು)

ಉತ್ತರ: ಅಂತಿಮ ಪರೀಕ್ಷೆ ಪಾಸಾದ ಕೂಡಲೇ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ. 12 ತಿಂಗಳ ಇಂಟರ್ನ್‌ಶಿಪ್ ಮುಗಿದ ಪ್ರಮಾಣಪತ್ರ ಕಾಲೇಜಿನಿಂದ, ಪದವಿ ವಿಶ್ವವಿದ್ಯಾಲಯದಿಂದ, ಕಾಯಂ ನೋಂದಣಿ ಮತ್ತೆ ಪರಿಷತ್ತಿನಿಂದ. ಹತ್ತನೇ ತರಗತಿ ಅಂಕಪಟ್ಟಿಯ ಹೆಸರಿಗೂ ಕಾಲೇಜಿನ ದಾಖಲೆಗೂ ಒಂದಕ್ಷರ ವ್ಯತ್ಯಾಸವಿದ್ದರೂ ಇಂಟರ್ನ್‌ಶಿಪ್ ಮುಗಿಯುವುದರೊಳಗೆ ತಿದ್ದಿಸಿಕೊಳ್ಳಿ.