ಚೆಂಡು ಹೂವು: ಹಬ್ಬಕ್ಕೆ ಒಂದು ರೇಟು, ಕಂಪನಿಗೆ ಒಂದು ರೇಟು

ಪ್ರಶ್ನೆ: ನಮ್ಮದು ಗುಂಡ್ಲುಪೇಟೆ ಕಡೆ, 2 ಎಕರೆ ಮಳೆ ನಂಬಿದ ಹೊಲ. ಬಣ್ಣ ತೆಗೆಯುವ ಕಂಪನಿಯವರು ಚೆಂಡು ಹೂವು ಹಾಕಿ, ಬೀಜ ನಾವೇ ಕೊಡ್ತೀವಿ, ಹೂವೂ ನಾವೇ ತಗೋತೀವಿ ಅಂತಿದ್ದಾರೆ. ಆದರೆ ಅವರು ಹೇಳುವ ರೇಟು ದಸರಾ ರೇಟಿನ ಕಾಲು ಭಾಗವೂ ಇಲ್ಲ. ಯಾಕಿಷ್ಟು ಕಡಿಮೆ? ಒಪ್ಪಿಕೊಳ್ಳಬಹುದಾ ಸರ್?

ಉತ್ತರ: ಒಪ್ಪಬಹುದು, ಆದರೆ ರೇಟು ನೋಡಿ ಅಲ್ಲ, ಕೂಲಿ ಲೆಕ್ಕ ಹಾಕಿ. ಮೊದಲು ಅವರು ಹೂವನ್ನು ಏನು ಮಾಡ್ತಾರೆ ಅಂತ ತಿಳಿದುಕೊಳ್ಳಿ, ರೇಟು ಯಾಕೆ ಕಡಿಮೆ ಅನ್ನೋದು ಅಲ್ಲೇ ಇದೆ. ಚೆಂಡು ಹೂವಿನ ದಳದಲ್ಲಿ ಲ್ಯೂಟಿನ್ ಅನ್ನೋ ಹಳದಿ ಬಣ್ಣ ಇರುತ್ತದೆ. ಕಂಪನಿಯವರು ಹೂವನ್ನು ಗಾಳಿಯಾಡದಂತೆ ಒತ್ತಿ ತುಂಬಿ ಕೆಲವು ದಿನ ಹುಳಿ ಬರಿಸಿ, ನೀರು ಹಿಂಡಿ, ಒಣಗಿಸಿ, ಉಂಡೆ ಮಾಡಿ, ಆಮೇಲೆ ಹೆಕ್ಸೇನ್ ಅನ್ನೋ ದ್ರಾವಕ ಹಾಕಿ ಬಣ್ಣ ಇಳಿಸುತ್ತಾರೆ. ಕೊನೆಗೆ ಸಿಗೋದು ಕಪ್ಪಗಿನ ಗಟ್ಟಿ ಅಂಟು. ಅದು ಕೋಳಿ ಆಹಾರಕ್ಕೆ ಹೋಗುತ್ತದೆ (ಮೊಟ್ಟೆಯೊಳಗಿನ ಹಳದಿ ಭಾಗಕ್ಕೆ ಬಣ್ಣ ಬರೋದು ಕೋಳಿ ತಿಂದದ್ದರಿಂದ, ಅದು ತಾನಾಗಿ ತಯಾರಿಸಿಕೊಳ್ಳೋದಿಲ್ಲ), ಕಣ್ಣಿನ ಮಾತ್ರೆಗೂ ಹೋಗುತ್ತದೆ. ಹಸಿ ಹೂವಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ನೀರೇ. ನೀವು ಟನ್ನುಗಟ್ಟಲೆ ತೂಗಿದರೂ ಅವರಿಗೆ ಕೆಲಸಕ್ಕೆ ಬರೋದು ಸ್ವಲ್ಪವೇ. ಅದಕ್ಕೇ ಅವರು ಕಡು ಕಿತ್ತಳೆ ಬಣ್ಣದ ತಳಿಯನ್ನೇ ಕೊಡೋದು. ತಿಳಿ ಹಳದಿ ಹೂವಿನಲ್ಲಿ ಬಣ್ಣ ತೀರಾ ಕಡಿಮೆ.

ಇನ್ನು ದಸರಾ ರೇಟು. ಅದು ಎಷ್ಟು ದಿನ ನಿಲ್ಲುತ್ತದೆ ಹೇಳಿ? ಆಯುಧ ಪೂಜೆ ಮುಗಿದ ಮಾರನೇ ದಿನ ಮಾರ್ಕೆಟ್ಟಿನಲ್ಲಿ ರಾಶಿ ಬಿದ್ದಿರುತ್ತದೆ, ಕೇಳೋರೇ ಇರೋದಿಲ್ಲ. ನಿಮ್ಮದು ಮಳೆ ಬೆಳೆ, ಮುಂಗಾರಿಗೆ ಹಾಕಿದರೆ ಜುಲೈ, ಆಗಸ್ಟಿಗೇ ಹೂವು ಬರುತ್ತದೆ, ದಸರಾ ತನಕ ಗಿಡ ಕಾಯುತ್ತದೆಯೇ? ಊಟಿಗೆ ಹೋಗೋರು ಕಾರು ನಿಲ್ಲಿಸಿ ಫೋಟೋ ತೆಗೆಯೋದೂ ಆ ಹೊತ್ತಿನಲ್ಲೇ ಅಲ್ವಾ.

ಈಗ ಕೂಲಿ. ಈ ಬೆಳೆಯಲ್ಲಿ ದುಡ್ಡು ಹೋಗೋದು ಬಿಡಿಸೋದಕ್ಕೆ. ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ: ಒಬ್ಬರು ದಿನಕ್ಕೆ 60 ಕೆಜಿ ಬಿಡಿಸಿ 350 ರೂಪಾಯಿ ಕೂಲಿ ತಗೊಂಡರೆ ಕೆಜಿಗೆ ಸುಮಾರು 6 ರೂಪಾಯಿ ಅಲ್ಲಿಗೇ ಆಯಿತು. ನಿಮ್ಮೂರಿನ ಕೂಲಿ ಹಾಕಿ ನೋಡಿ, ಗೊಬ್ಬರ, ಔಷಧಿ, ಬೀಜದ ದುಡ್ಡು ಕಳೆಯಿರಿ. ಬೀಜ ಕೊಡ್ತೀವಿ ಅಂದದ್ದು ಪುಕ್ಕಟೆಯೋ, ಆಮೇಲೆ ಬಿಲ್ಲಿನಲ್ಲಿ ಹಿಡಿಯುತ್ತಾರೋ, ಅದನ್ನೂ ಕೇಳಿ. ಮನೆಯಲ್ಲೇ ನಾಲ್ಕು ಕೈ ಇದ್ದರೆ ಗಿಟ್ಟುತ್ತದೆ. ಪೂರ್ತಿ ಆಳಿನ ಮೇಲೆ ನಡೆಸೋದಾದರೆ ನಾನಾದರೆ ಮೊದಲ ವರ್ಷ ಅರ್ಧ ಎಕರೆಗೆ ಮಾತ್ರ ಹಾಕುತ್ತಿದ್ದೆ.

ಕಂಪನಿ ಜೊತೆ ಮಾಡುವ ಒಪ್ಪಂದದ ಕಾಗದದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಮಳೆ ದಿನದ ಮಾತು. ನೆನೆದ ಹೂವಿಗೆ ತೂಕದಲ್ಲಿ ಎಷ್ಟು ಕಡಿತ? ಗಾಡಿ ಎರಡು ದಿನ ತಡವಾಗಿ ಬಂದು ಹೂವು ಕಪ್ಪಾದರೆ ನಷ್ಟ ಯಾರದು? ತೂಕ ಎಲ್ಲಿ, ಹೊಲದಲ್ಲೋ ಫ್ಯಾಕ್ಟರಿಯಲ್ಲೋ? ದುಡ್ಡು ಎಷ್ಟು ದಿನಕ್ಕೆ? ಇವೆಲ್ಲ ಕನ್ನಡದಲ್ಲಿ ಬರೆದಿರಲಿ, ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಫೀಲ್ಡಿಗೆ ಬರೋ ಹುಡುಗ ಒಳ್ಳೆಯವನೇ ಇರಬಹುದು, ಮುಂದಿನ ವರ್ಷ ಅವನು ಬೇರೆ ಕಡೆ ಇರುತ್ತಾನೆ. ಒಪ್ಪಂದ ಬೇಸಾಯಕ್ಕೆ 2020ರ ಕೇಂದ್ರದ ಕಾಯ್ದೆ ಇದೆ, ಹೆದರಬೇಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು 2021ರಲ್ಲೇ ರದ್ದಾಗಿದೆ.

ಪ್ರಶ್ನೆ: ಕಂಪನಿಗೆ ಬೆಳೆದ ಹೂವನ್ನು ಓಣಂ ಟೈಮಿನಲ್ಲಿ ಕೇರಳದವರಿಗೆ ಕೊಟ್ಟರೆ ತಪ್ಪೇನು?

ಉತ್ತರ: ಕಾಗದದಲ್ಲಿ ಪೂರ್ತಿ ಬೆಳೆ ಅವರಿಗೆ ಅಂತ ಇದ್ದರೆ ತಪ್ಪೇ. ಬೀಜದ ಬಾಕಿ ಒಟ್ಟಿಗೆ ಕೇಳುತ್ತಾರೆ, ಮುಂದಿನ ವರ್ಷ ನಿಮ್ಮ ಹೊಲದ ಕಡೆ ತಲೆ ಹಾಕೋದಿಲ್ಲ. ಆಸೆ ಇದ್ದರೆ ಕಾಲು ಎಕರೆ ಬೇರೆ ಬೀಜ ತಂದು ಸ್ವಂತಕ್ಕೆ ಹಾಕಿಕೊಳ್ಳಿ, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಚೆಂಡು ಹೂವಾದ ಮೇಲೆ ಟೊಮೆಟೊ ಹಾಕಬಹುದಾ?

ಉತ್ತರ: ಧಾರಾಳವಾಗಿ. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳ ಚೆಂಡು ಹೂವಿನ ಬೇರಿಗೆ ಕಡಿಮೆಯಾಗುತ್ತದೆ. ಆದರೆ ಎಲೆಮಚ್ಚೆ ಬಂದ ಗಿಡಗಳಿದ್ದರೆ ಹೊಲದಲ್ಲೇ ಬಿಡದೆ ಕಿತ್ತು ಸುಟ್ಟುಬಿಡಿ.