ಒಂದೇ ಪಾಠ ವಿದ್ಯಾರ್ಥಿಗಳಿಗೂ ನ್ಯಾಯಾಧೀಶರಿಗೂ ಆಗುತ್ತದೆಯೇ?

ಯುರೋಪಿನಲ್ಲಿ ಖಾಸಗಿ ಅಂತರರಾಷ್ಟ್ರೀಯ ಕಾನೂನು (ಹಲವು ದೇಶಗಳಿಗೆ ಸಂಬಂಧಿಸಿದ ಖಾಸಗಿ ವ್ಯಾಜ್ಯಕ್ಕೆ ಯಾವ ಕೋರ್ಟು, ಯಾವ ದೇಶದ ಕಾನೂನು ಎಂದು ಹೇಳುವ ಶಾಸ್ತ್ರ) ಕಲಿಸುವವರು ವಿದ್ಯಾರ್ಥಿಗಳಿಗೂ ನ್ಯಾಯಾಧೀಶರಿಗೂ ಒಂದೇ ಪಾಠ ಮಾಡಬಹುದೇ ಎಂದು ಕೇಳಿದ್ದೀರಿ. ವ್ಯಾಜ್ಯ ಒಂದೇ ಇರಲಿ, ಶುರು ಮಾಡುವ ಜಾಗ ಬೇರೆ ಇರಲಿ ಎನ್ನುತ್ತೇನೆ.

ವಿದ್ಯಾರ್ಥಿಗಳಿಗೆ ಸಿದ್ಧಾಂತಗಳ ಚರಿತ್ರೆ ಮೊದಲ ವಾರ ಬೇಡ. ಒಂದು ಲೆಕ್ಕ ಕೊಡಿ: ಮಿಲಾನ್‌ನ ಕಂಪನಿ ಮ್ಯೂನಿಕ್‌ನ ಕಂಪನಿಗೆ ಯಂತ್ರ ಮಾರಿ, ಕರಾರಿನಂತೆ ವಿಯೆನ್ನಾದಲ್ಲಿ ತಲುಪಿಸಿದೆ. ಹಣ ಬಂದಿಲ್ಲ. ಯಾವ ಕೋರ್ಟು, ಯಾವ ದೇಶದ ಕಾನೂನು ಎಂದು ಕರಾರಿನಲ್ಲಿ ಇಲ್ಲ.

ಮೊದಲು ಕೋರ್ಟು. ಯಾವ ದೇಶದ ಕೋರ್ಟು ಎಂದು ಹೇಳುವುದು ಯುರೋಪಿಯನ್ ಒಕ್ಕೂಟದ ಪರಿಷ್ಕೃತ ಬ್ರಸೆಲ್ಸ್ 1 ನಿಯಮಾವಳಿ (1215/2012). ಅದರ ವಿಧಿ 4ರಂತೆ ಪ್ರತಿವಾದಿಯ ನೆಲೆಯಾದ ಮ್ಯೂನಿಕ್; ವಿಧಿ 7(1)ರಂತೆ ಸರಕು ತಲುಪಿದ ವಿಯೆನ್ನಾವೂ ಆದೀತು. ದಾವೆ ಹಣಕ್ಕಲ್ಲವೇ, ಹಣ ಸಲ್ಲಬೇಕಾದ ಮಿಲಾನ್ ಎಂದು ಎಡವುವವರು ಬಹಳ. ಸರಕು ಮಾರಾಟದಲ್ಲಿ ಬೆಲೆಯ ದಾವೆಗೂ ಸರಕು ತಲುಪುವ ಜಾಗವೇ ಲೆಕ್ಕಕ್ಕೆ.

ಆಮೇಲೆ ಕಾನೂನು. ಕರಾರಿಗೆ ಯಾವ ದೇಶದ ಕಾನೂನು ಎಂದು ಹೇಳುವ ಒಕ್ಕೂಟದ ನಿಯಮಾವಳಿ ರೋಮ್ 1 (593/2008); ಎಲ್ಲರೂ ಅದನ್ನೇ ತೆರೆಯಲು ಹೋಗುತ್ತಾರೆ, ತಡೆಯಿರಿ. ಇಟಲಿ, ಜರ್ಮನಿ ಎರಡೂ ವಿಶ್ವಸಂಸ್ಥೆಯ 1980ರ ಸರಕು ಮಾರಾಟ ಒಡಂಬಡಿಕೆಯಲ್ಲಿವೆ, ಮೊದಲು ಅದು. ಅದು ಮುಟ್ಟದ ಕಾಲಮಿತಿಯಂಥ ವಿಷಯಕ್ಕೆ ಮಾತ್ರ ರೋಮ್ 1ರ ವಿಧಿ 4 ಮಾರಾಟಗಾರನ ದೇಶದ, ಅಂದರೆ ಇಟಲಿಯ ಕಾನೂನಿಗೆ ಕಳಿಸುತ್ತದೆ. (ವಿಯೆನ್ನಾ ಬದಲು ಲಿಯೋನ್ ಹಾಕಬೇಡಿ. ಫ್ರಾನ್ಸ್, ಸರಕು ಮಾರಾಟಕ್ಕೆ ಯಾವ ದೇಶದ ಕಾನೂನು ಎಂದು ಹೇಳುವ 1955ರ ಹೇಗ್ ಒಡಂಬಡಿಕೆಯಲ್ಲಿದೆ, ಅಲ್ಲಿನ ಕೋರ್ಟು ರೋಮ್ 1 ಬಿಟ್ಟು ಅದನ್ನು ನೋಡುತ್ತದೆ. ಆ ತಲೆನೋವು ಕೊನೆಯ ವಾರಕ್ಕಿರಲಿ.)

ಈಗ ಮಾರಾಟಗಾರನನ್ನು ಮಾತ್ರ ಬೆಂಗಳೂರಿಗೆ ಕರೆತನ್ನಿ. ಪ್ರತಿವಾದಿ ಅಲ್ಲೇ ಇರುವುದರಿಂದ ಕೋರ್ಟು ಕದಲುವುದಿಲ್ಲ. ಕಾನೂನು ಮಾತ್ರ ಪೂರ್ತಿ ಬದಲು: ಭಾರತ 1980ರ ಒಡಂಬಡಿಕೆಗೆ ಸೇರಿಲ್ಲ, ರೋಮ್ 1 ಭಾರತದತ್ತ ಬೆರಳು ಮಾಡುತ್ತದೆ, ಮ್ಯೂನಿಕ್‌ನ ನ್ಯಾಯಾಧೀಶರು ನಮ್ಮ 1930ರ ಸರಕು ಮಾರಾಟ ಕಾಯ್ದೆ ಓದಬೇಕು. ಖರೀದಿದಾರನೇ ಬೆಂಗಳೂರಿನ ಕಂಪನಿಯ ಮೇಲೆ ಮ್ಯೂನಿಕ್‌ನಲ್ಲಿ ದಾವೆ ಹೂಡಿದರೆ, ಬ್ರಸೆಲ್ಸ್ 1ರ ವಿಧಿ 6ರಂತೆ ಜರ್ಮನಿಯ ಸ್ವಂತ ನ್ಯಾಯವ್ಯಾಪ್ತಿ ನಿಯಮ (ಯಾವ ಕೋರ್ಟಿಗೆ ಅಧಿಕಾರ ಎಂಬ ನಿಯಮ) ಲೆಕ್ಕಕ್ಕೆ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ಎರಡಾದರೆ ಉತ್ತರ ಯಾತರಿಂದ ತಿರುಗಿತೆಂಬುದು ತರಗತಿಗೆ ತಿಳಿಯುವುದಿಲ್ಲ.

ಒಂದು ದೇಶದ ತೀರ್ಪನ್ನು ಇನ್ನೊಂದರಲ್ಲಿ ಜಾರಿ ಮಾಡುವುದಕ್ಕೆ ಅರ್ಧ ಗಂಟೆ ಸಾಕು: ಬ್ರಸೆಲ್ಸ್ 1ರಲ್ಲಿ ತೀರ್ಪು ಕೊಟ್ಟ ಕೋರ್ಟು ನೀಡುವ ವಿಧಿ 53ರ ಪ್ರಮಾಣಪತ್ರ, ತೀರ್ಪನ್ನು ಒಪ್ಪದಿರಲು ವಿಧಿ 45 ಕೊಡುವ ಕಾರಣಗಳು.

ನ್ಯಾಯಾಧೀಶರಿಗೆ ಇದನ್ನೇ ಕಡತ ಮಾಡಿ ಕೊಡಿ: ದಾವಾಪತ್ರ, ಇನ್‌ವಾಯ್ಸ್, ಸಮನ್ಸ್ ತಲುಪಿದ ದಾಖಲೆ. ದಾವೆ ಮಿಲಾನ್‌ನಲ್ಲಿ ಹೂಡಿದ್ದು, ಪ್ರತಿವಾದಿ ಗೈರು. ಏಕಪಕ್ಷೀಯ ತೀರ್ಪು ಬರೆಯಲು ಕೈ ಹೋಗುತ್ತದೆ; ಆದರೆ ಬ್ರಸೆಲ್ಸ್ 1ರ ವಿಧಿ 28ರಂತೆ, ಯಾರೂ ಕೇಳದಿದ್ದರೂ, ತನಗೆ ವ್ಯಾಪ್ತಿ ಇಲ್ಲವೆಂದು ಕೋರ್ಟೇ ಹೇಳಬೇಕು. ಅದೇ ಪ್ರತಿವಾದಿ ಬಂದು ವ್ಯಾಪ್ತಿಗೆ ಆಕ್ಷೇಪ ಎತ್ತದೆ ವಾದಿಸಿದರೆ ವಿಧಿ 26ರಂತೆ ವ್ಯಾಪ್ತಿ ಹುಟ್ಟುತ್ತದೆ. ತಾರೀಖುಗಳನ್ನೂ ಕಡತದಲ್ಲಿ ಎದ್ದು ಕಾಣುವಂತೆ ಇಡಿ: ಪರಿಷ್ಕೃತ ಬ್ರಸೆಲ್ಸ್ 1 ಅನ್ವಯಿಸುತ್ತದೆಯೇ ಎಂದು ತಿಳಿಯಲು ದಾವೆ ಹೂಡಿದ ದಿನ ನೋಡಬೇಕು (2015ರ ಜನವರಿ 10 ಅಥವಾ ಆಮೇಲೆ), ರೋಮ್ 1ಕ್ಕೆ ಕರಾರು ಆದ ದಿನ (2009ರ ಡಿಸೆಂಬರ್ 17 ಅಥವಾ ಆಮೇಲೆ). ಇವೆರಡನ್ನು ಅದಲುಬದಲು ಮಾಡುವುದು ಅನುಭವಿಗಳೇ.

ಹಲವು ದೇಶಗಳ ನ್ಯಾಯಾಧೀಶರು ಒಂದೇ ಕೋಣೆಯಲ್ಲಿದ್ದರೆ ವಿದೇಶಿ ಕಾನೂನು ತಿಳಿಯುವ ಬಗೆಗೆ ಪ್ರತ್ಯೇಕ ಅವಧಿ ಇಡಿ. ಜರ್ಮನಿಯಲ್ಲಿ ಅದನ್ನು ಹುಡುಕುವುದು ನ್ಯಾಯಾಧೀಶರ ಹೊಣೆ. ಇಂಗ್ಲೆಂಡಿನಲ್ಲಿ ಪಕ್ಷಗಾರರೇ ಹೇಳಿ, ಸಾಕ್ಷ್ಯ ಕೊಟ್ಟು ರುಜುವಾತು ಮಾಡಬೇಕು.